ಬೀಗದ ಕೈ ಯಾರ ಸೊಂಟದಲ್ಲಿ?

ಅಮೆರಿಕದ ಗೃಹಸಾಲ ವ್ಯವಹಾರದ ದೈತ್ಯ ಸಂಸ್ಥೆ ಫ್ಯಾನಿ ಮೇ. ಮೇರಿಲ್ಯಾಂಡ್ ರಾಜ್ಯದ ಅರ್ಬಾನಾದಲ್ಲಿ ಅದರ ಡೇಟಾ ಕೇಂದ್ರವಿತ್ತು. 2008ರ ಅಕ್ಟೋಬರ್ 29ರಂದು ಅಲ್ಲಿನ ಹಿರಿಯ ಯೂನಿಕ್ಸ್ ಎಂಜಿನಿಯರ್ ಒಬ್ಬರು, ದಿನಾ ಬೆಳಿಗ್ಗೆ ತಾನಾಗಿ ಓಡುವ ಒಂದು ಸ್ಕ್ರಿಪ್ಟನ್ನು ತೆರೆದು ನೋಡುತ್ತಿದ್ದರು. ಸ್ಕ್ರಿಪ್ಟ್ ಸರಿಯಾಗಿಯೇ ಇತ್ತು. ಅದು ಮುಗಿದ ಮೇಲೆ ಸುಮಾರು ಒಂದು ಪುಟದಷ್ಟು ಖಾಲಿ ಸಾಲುಗಳಿದ್ದವು. ಅಂಥ ಕಡೆ ಯಾರೂ ಇನ್ನಷ್ಟು ಕೆಳಕ್ಕೆ ಇಳಿಯುವುದಿಲ್ಲ; ಇವರು ಆಕಸ್ಮಿಕವಾಗಿ ಇಳಿದರು. ಖಾಲಿ ಸಾಲುಗಳ ಕೆಳಗೆ ಇನ್ನೊಂದು ಸ್ಕ್ರಿಪ್ಟ್ ಕೂತಿತ್ತು. 2009ರ ಜನವರಿ 31ರ ಬೆಳಿಗ್ಗೆ ಎಚ್ಚೆತ್ತು, ಸಾವಿರಾರು ಸರ್ವರ್‌ಗಳಲ್ಲಿ ಇದ್ದಬದ್ದದ್ದನ್ನೆಲ್ಲ ಅಳಿಸಿ ಸೊನ್ನೆ ತುಂಬುವುದು ಅದರ ಕೆಲಸ. ಆಮೇಲೆ ಲಾಗಿನ್ ಆಗಲು ಬಂದವರಿಗೆ ಪರದೆಯ ಮೇಲೆ ‘ಸರ್ವರ್ ಸ್ಮಶಾನ’ ಎಂಬರ್ಥದ ಎರಡು ಪದ ಕಾಣುತ್ತಿತ್ತು, ಅಷ್ಟೇ.

ಅದನ್ನು ಬರೆದವನು ಎಲ್ಲಿಂದಲೋ ನುಸುಳಿದ ಹ್ಯಾಕರ್ ಅಲ್ಲ. ಬೇರೊಂದು ಕಂಪನಿಯ ಮೂಲಕ ಬಂದು 2006ರಿಂದ ಅಲ್ಲೇ ದುಡಿಯುತ್ತಿದ್ದ ಗುತ್ತಿಗೆ ಎಂಜಿನಿಯರ್, ಭಾರತೀಯ. ಅಕ್ಟೋಬರ್ 24ರ ಮಧ್ಯಾಹ್ನ ಅವನನ್ನು ಕೆಲಸದಿಂದ ತೆಗೆದರು, ಕೈಲಿದ್ದ ಸಾಮಾನು ಒಪ್ಪಿಸಿ ಹೋಗು ಎಂದರು. ಲಾಗಿನ್ ಬಂದ್ ಆದದ್ದು ಮಾತ್ರ ರಾತ್ರಿ. ಯಾಕೆಂದರೆ ಗುತ್ತಿಗೆಯವರ ಲಾಗಿನ್ ಕೊಡುವುದೂ ತೆಗೆಯುವುದೂ ಆ ಸಂಸ್ಥೆಯಲ್ಲಿ ಖರೀದಿ ವಿಭಾಗದ ಕೆಲಸವಾಗಿತ್ತು. ಆ ನಡುವಿನ ಗಂಟೆಗಳೇ ಅವನಿಗೆ ಸಾಕಾದವು. 2010ರ ಡಿಸೆಂಬರ್‌ನಲ್ಲಿ ಅವನಿಗೆ 41 ತಿಂಗಳ ಜೈಲಾಯಿತು. ನನಗೆ ಈ ಕಥೆಯಲ್ಲಿ ಶಿಕ್ಷೆಗಿಂತ ಮುಖ್ಯವಾಗಿ ಕಾಣುವುದು ಆ ಖರೀದಿ ವಿಭಾಗ. ಗುತ್ತಿಗೆಯವನು ಕುರ್ಚಿ, ಮೇಜು, ಪ್ರಿಂಟರ್ ಇಂಕಿನ ಜೊತೆಗೆ ಖರೀದಿಯ ಬಾಬ್ತಿಗೆ ಸೇರಿದ್ದ. ಸಂಸ್ಥೆಯ ಜುಟ್ಟು ಮಾತ್ರ ಪೂರ್ತಿ ಅವನ ಕೈಯಲ್ಲಿತ್ತು.

ಬೆಂಗಳೂರಿನಲ್ಲಿ ಕುಳಿತು ಈ ವಿಷಯ ಬರೆಯುವಾಗ ಸ್ವಲ್ಪ ಮುಜುಗರವೂ ಆಗುತ್ತದೆ. ‘ಹೊರಗುತ್ತಿಗೆಯವರಿಂದ ನಮ್ಮ ಡೇಟಾ ಕಾಪಾಡಿಕೊಳ್ಳುವುದು ಹೇಗೆ’ ಎಂದು ಲಂಡನ್, ನ್ಯೂಯಾರ್ಕಿನವರು ಸಭೆ ಸೇರಿದಾಗ ಅವರ ತಲೆಯಲ್ಲಿರುವ ಹೊರಗಿನವರು ನಾವೇ. ಎಲೆಕ್ಟ್ರಾನಿಕ್ ಸಿಟಿಯಲ್ಲೋ ಮಾನ್ಯತಾ ಟೆಕ್ ಪಾರ್ಕಿನಲ್ಲೋ ರಾತ್ರಿ ಪಾಳಿ ಮಾಡುವ ನಮ್ಮ ಮಕ್ಕಳು, ಅಳಿಯಂದಿರು, ಎದುರು ಮನೆಯ ಹುಡುಗಿ. ಇನ್ನೊಂದು ಕಡೆ, ನಮ್ಮ ಆಸ್ಪತ್ರೆ, ಬ್ಯಾಂಕು, ಇಲಾಖೆಗಳು ತಮ್ಮ ಸಾಫ್ಟ್‌ವೇರನ್ನು ಹೊರಗಿನವರಿಗೆ ವಹಿಸಿದಾಗ ಬಯಲಿಗೆ ಬೀಳುವ ಮಾಹಿತಿಯೂ ನಮ್ಮದೇ. ಹಾಗಾಗಿ ‘ನಮ್ಮ ಹುಡುಗರು ಅಂಥವರಲ್ಲ’ ಎಂಬ ಅಭಿಮಾನದಿಂದಲೂ ಉಪಯೋಗವಿಲ್ಲ, ‘ಇವರನ್ನು ನಂಬಲೇಬಾರದು’ ಎಂಬ ಅವರ ಅನುಮಾನದಿಂದಲೂ ಇಲ್ಲ. ಹುಡುಗ ಒಳ್ಳೆಯವನೋ ಕೆಟ್ಟವನೋ ಎಂಬುದು ಎರಡನೆಯ ಮಾತು. ಅವನ ಕೆಲಸಕ್ಕೆ ಬೇಡವಾದ ಮಾಹಿತಿ ಅವನ ಪರದೆಯ ಮೇಲೆ ಬಂದದ್ದಾದರೂ ಯಾಕೆ?

ಈ ಪ್ರಶ್ನೆಗೆ ಬ್ರಿಟನ್ನಿನ ಟೆಲಿಕಾಂ ಕಂಪನಿ ಟಾಕ್‌ಟಾಕ್‌ನ ಪ್ರಕರಣಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ. 2014ರ ಸೆಪ್ಟೆಂಬರ್ ಹೊತ್ತಿಗೆ ಅದರ ಗ್ರಾಹಕರಿಂದ ದೂರುಗಳು ಬರತೊಡಗಿದವು. ಯಾರೋ ಫೋನ್ ಮಾಡುತ್ತಾರೆ, ಟಾಕ್‌ಟಾಕ್‌ನ ತಾಂತ್ರಿಕ ಸಿಬ್ಬಂದಿ ಎನ್ನುತ್ತಾರೆ, ಮನೆಯ ವಿಳಾಸ, ಖಾತೆ ಸಂಖ್ಯೆಯನ್ನು ಚಾಚೂ ತಪ್ಪದೆ ಹೇಳುತ್ತಾರೆ. ನಂಬದೆ ಏನು ಮಾಡುವುದು? ತನಿಖೆಯ ಜಾಡು ಕೋಲ್ಕತ್ತಕ್ಕೆ ಬಂತು. ಟಾಕ್‌ಟಾಕ್‌ನ ಕ್ಲಿಷ್ಟ ದೂರುಗಳನ್ನು ಬಗೆಹರಿಸುವ ಕೆಲಸ ನಮ್ಮ ಬೆಂಗಳೂರಿನದೇ ಕಂಪನಿಯಾದ ವಿಪ್ರೊದ ಪಾಲಿಗಿತ್ತು. 2016ರ ಜನವರಿಯಲ್ಲಿ ಅಲ್ಲಿನ ಮೂವರು ನೌಕರರ ಬಂಧನವಾಯಿತು.

ಬ್ರಿಟನ್ನಿನ ಮಾಹಿತಿ ಆಯುಕ್ತರ ಕಚೇರಿ ಇಡೀ ವ್ಯವಸ್ಥೆಯನ್ನು ಬಿಚ್ಚಿ ನೋಡಿತು. ವಿಪ್ರೊದ 40 ಮಂದಿಗೆ 25,000ದಿಂದ 50,000 ಗ್ರಾಹಕರ ಮಾಹಿತಿ ತೆರೆದಿತ್ತು. ಇಂಟರ್ನೆಟ್ ಇರುವ ಯಾವ ಯಂತ್ರದಿಂದ ಬೇಕಾದರೂ ಆ ಪೋರ್ಟಲ್‌ಗೆ ಲಾಗಿನ್ ಆಗಬಹುದಿತ್ತು. ಆಫೀಸಿನ ಕಂಪ್ಯೂಟರೇ ಆಗಬೇಕೆಂದಿಲ್ಲ. ಹುಡುಕುವ ಪೆಟ್ಟಿಗೆಯಲ್ಲಿ ‘ಎ’ ಎಂದು ಒತ್ತಿ ಮುಂದೆ ನಕ್ಷತ್ರ ಚಿಹ್ನೆ ಹಾಕಿದರೆ ‘ಎ’ಯಿಂದ ಶುರುವಾಗುವ ಉಪನಾಮದವರೆಲ್ಲ ಸಾಲಾಗಿ ಬರುತ್ತಿದ್ದರು. ಒಂದು ಸಲಕ್ಕೆ 500 ದಾಖಲೆ ನೋಡಬಹುದು, ಬೇಕಾದರೆ ಬೇರೆ ಫೈಲಿಗೆ ಇಳಿಸಿಕೊಳ್ಳಬಹುದು. ಮೂರು ಲಾಗಿನ್‌ಗಳ ಮೂಲಕ 21,000 ಗ್ರಾಹಕರವರೆಗಿನ ಮಾಹಿತಿ ಅನಧಿಕೃತವಾಗಿ ಹೊರಹೋಗಿತ್ತು. ಆ ಸೋರಿಕೆಗೂ ವಂಚಕರ ಕರೆಗಳಿಗೂ ನೇರ ಸಂಬಂಧ ತೋರಿಸುವ ಸಾಕ್ಷ್ಯ ಸಿಗಲಿಲ್ಲ ಎಂದು ಅದೇ ಕಚೇರಿ ಹೇಳಿದೆ. ಆದರೂ 2017ರ ಆಗಸ್ಟ್‌ನಲ್ಲಿ ಒಂದು ಲಕ್ಷ ಪೌಂಡ್ ದಂಡ ಬಿತ್ತು. ಬಿದ್ದದ್ದು ವಿಪ್ರೊ ಮೇಲಲ್ಲ, ಟಾಕ್‌ಟಾಕ್ ಮೇಲೆ.

ದೂರು ಬಗೆಹರಿಸುವವನಿಗೆ ನಿಜಕ್ಕೂ ಬೇಕಾದದ್ದು ಏನು? ಈಗ ಲೈನಿನಲ್ಲಿರುವ ಒಬ್ಬ ಗ್ರಾಹಕ, ಅವನ ಒಂದು ದಾಖಲೆ, ಆ ದೂರು ಮುಗಿಯುವಷ್ಟು ಹೊತ್ತು. ಪೂರ್ತಿ ಖಾತೆ ಸಂಖ್ಯೆ ಕೊಟ್ಟರೆ ಮಾತ್ರ ದಾಖಲೆ ತೆರೆಯಬೇಕು, ತೆರೆದಿರುವ ಟಿಕೆಟ್‌ಗೆ ಸಂಬಂಧಪಟ್ಟ ದಾಖಲೆಯಷ್ಟೇ ಕಾಣಬೇಕು, ಇಳಿಸಿಕೊಳ್ಳುವ ಗುಂಡಿ ಇರಲೇಬಾರದು. ಇದಕ್ಕೆ ಯಾವ ಮಹಾ ತಂತ್ರಜ್ಞಾನವೂ ಬೇಡ. ಹುಡುಕಾಟದಲ್ಲಿ ನಕ್ಷತ್ರ ಚಿಹ್ನೆ ಕೆಲಸ ಮಾಡದಂತೆ ಬರೆಯಲು ಸಾಧಾರಣ ಪ್ರೋಗ್ರಾಮರ್‌ಗೆ ಒಂದು ಮಧ್ಯಾಹ್ನ ಸಾಕು. ಯಾರಿಗೆ ಎಷ್ಟು ಬೇಕೋ ಅಷ್ಟೇ ಅಧಿಕಾರ ಕೊಡಬೇಕು ಎಂಬ ಸೂತ್ರವನ್ನು ಸಾಲ್ಟ್‌ಜರ್ ಮತ್ತು ಶ್ರೋಡರ್ ಎಂಬ ಎಂಐಟಿಯ ಇಬ್ಬರು 1975ರಲ್ಲೇ ಬರೆದಿಟ್ಟಿದ್ದಾರೆ. ಐವತ್ತು ವರ್ಷವಾದರೂ ಅದು ಪ್ರಾಜೆಕ್ಟ್ ಡೆಡ್‌ಲೈನಿನ ಮುಂದೆ ಸೋಲುತ್ತಲೇ ಇದೆ. ‘ಸದ್ಯಕ್ಕೆ ಎಲ್ಲರಿಗೂ ಫುಲ್ ಆ್ಯಕ್ಸೆಸ್ ಕೊಟ್ಟುಬಿಡಿ, ಗೋ-ಲೈವ್ ಆದ ಮೇಲೆ ಸರಿಮಾಡೋಣ’ ಎನ್ನುವ ಮಾತನ್ನು ಐಟಿಯಲ್ಲಿರುವವರೆಲ್ಲ ಕೇಳಿರುತ್ತಾರೆ. ಆ ಗೋ-ಲೈವ್ ಆದ ಮೇಲಿನ ದಿನ ಬರುವುದೇ ಇಲ್ಲ.

ನಮ್ಮಲ್ಲಿ ಇಂಥದ್ದಕ್ಕೆ ಸಿಕ್ಕ ಮೊದಲ ಉತ್ತರವೆಲ್ಲ ಮನುಷ್ಯನ ಮೇಲೆ ಕಣ್ಣಿಡುವುದೇ ಆಗಿತ್ತು. 2005ರಲ್ಲಿ ಪುಣೆಯ ಬಿಪಿಒ ಒಂದರ ಕೆಲವು ನೌಕರರು ಸಿಟಿಬ್ಯಾಂಕಿನ ಅಮೆರಿಕನ್ ಗ್ರಾಹಕರಿಂದ ನಯವಾಗಿ ಪಿನ್ ಕೇಳಿಕೊಂಡು ಸುಮಾರು ಮೂರೂವರೆ ಲಕ್ಷ ಡಾಲರ್ ಸರಿಸಿದರೆಂದು ಬಂಧನಗಳಾದವು. ಮರುವರ್ಷ ಜೂನ್‌ನಲ್ಲಿ ಎಚ್‌ಎಸ್‌ಬಿಸಿಯ ಬೆಂಗಳೂರು ಕೇಂದ್ರದ ನೌಕರನೊಬ್ಬ ಬ್ರಿಟಿಷ್ ಗ್ರಾಹಕರ ವಿವರ ಹೊರಗೆ ದಾಟಿಸಿದ ಆರೋಪದಲ್ಲಿ ಸಿಕ್ಕಿಬಿದ್ದ. ಉದ್ಯಮಕ್ಕೆ ಗಾಬರಿಯಾಯಿತು. ನೌಕರರ ಪೂರ್ವಾಪರ ದಾಖಲಿಸುವ ರಾಷ್ಟ್ರೀಯ ನೋಂದಣಿಯನ್ನು ನಾಸ್ಕಾಂ ಆ ಹೊತ್ತಿನಲ್ಲೇ ತಂದಿತು. ಮಾಹಿತಿ ತಂತ್ರಜ್ಞಾನ ಕಾಯ್ದೆಗೆ 2008ರ ತಿದ್ದುಪಡಿಯಲ್ಲಿ 72ಎ ಕಲಂ ಸೇರಿತು: ಕರಾರಿನ ಮೇಲೆ ಕೈಗೆ ಬಂದ ವೈಯಕ್ತಿಕ ಮಾಹಿತಿಯನ್ನು ಕರಾರು ಮುರಿದು ಹೊರಗೆ ಕೊಟ್ಟವರಿಗೆ ಮೂರು ವರ್ಷದವರೆಗೆ ಜೈಲು, ಆಗಿನ ಲೆಕ್ಕದಲ್ಲಿ ಐದು ಲಕ್ಷ ರೂಪಾಯಿವರೆಗೆ ದಂಡ. ಪೊಲೀಸ್ ವೆರಿಫಿಕೇಷನ್, ಬಾಗಿಲಲ್ಲಿ ಬ್ಯಾಗ್ ತಪಾಸಣೆ ಎಲ್ಲವೂ ಬಂದವು. ಇವೆಲ್ಲ ಬೇಕಾದವೇ. ಆದರೆ ಪೂರ್ವಾಪರ ಹಿಂದಿನದನ್ನು ಹೇಳುತ್ತದೆ, ಮುಂದಿನ ತಿಂಗಳ ಸಾಲದ ಕಂತನ್ನು ಹೇಳುವುದಿಲ್ಲ.

ಕಾಲ್ ಸೆಂಟರಿನ ಮಾತು ಹೀಗಾದರೆ, ಡೆವಲಪರ್‌ಗಳ ಕಡೆ ಸೋರುವ ದಾರಿಯೇ ಬೇರೆ. ಹೊಸ ಸಾಫ್ಟ್‌ವೇರ್ ಬರೆಯುವವರು ಅದನ್ನು ಪರೀಕ್ಷಿಸಬೇಕು. ಪರೀಕ್ಷೆಗೆ ಡೇಟಾ ಬೇಕು. ‘ಪ್ರೊಡಕ್ಷನ್ ಕಾಪಿ ಒಂದು ಕೊಡಿ ಸರ್’ ಎಂದು ಮೇಲ್ ಹೋಗುತ್ತದೆ, ನಿಜವಾದ ಗ್ರಾಹಕರ ಪೂರಾ ಡೇಟಾಬೇಸ್ ಟೆಸ್ಟ್ ಸರ್ವರ್‌ಗೆ ಬಂದು ಬೀಳುತ್ತದೆ. ಅಸಲಿಗೆ ಹಾಕಿದ ಬೀಗ, ಕಾವಲು, ಲಾಗ್ ಯಾವುದೂ ಈ ನಕಲಿಗೆ ಇರುವುದಿಲ್ಲ. ಅಲ್ಲಿ ಪಾಸ್‌ವರ್ಡ್ ಇಡೀ ತಂಡಕ್ಕೆ ಒಂದೇ, ಅದೂ ಚಾಟ್ ಗುಂಪಿನಲ್ಲಿ ಪಿನ್ ಆಗಿರುತ್ತದೆ. ಪ್ರಾಜೆಕ್ಟ್ ಮುಗಿದರೂ ಆ ಕಾಪಿ ಅಳಿಸಿದವರಿಲ್ಲ. ಕಂಪನಿ ತನ್ನ ಖಜಾನೆಗೆ ಎಷ್ಟೇ ಖರ್ಚು ಮಾಡಿರಲಿ, ಅದರ ಜೆರಾಕ್ಸ್ ಹಿಂದಿನ ವರಾಂಡದಲ್ಲಿ ಬಿದ್ದಿರುತ್ತದೆ.

ಡೆವಲಪರ್‌ಗಳ ಹಟಕ್ಕೂ ಕಾರಣವಿದೆ ಎನ್ನಿ. ಕೃತಕ ಡೇಟಾ ಎಂದರೆ ಸಾಮಾನ್ಯವಾಗಿ ಜಾನ್ ಸ್ಮಿತ್, ಟೆಸ್ಟ್ ಒಂದು, ಟೆಸ್ಟ್ ಎರಡು. ನಮ್ಮ ಕಡೆಯ ನಿಜವಾದ ಹೆಸರುಗಳು ಹಾಗಿರುತ್ತವೆಯೇ? ಮುಂದೆ ಎರಡು ಇನಿಷಿಯಲ್, ಉಪನಾಮವೇ ಇಲ್ಲ. ಇನ್ನೊಬ್ಬರದು ಒಂದೇ ಪದದ ಹೆಸರು. ಮತ್ತೊಬ್ಬರ ವಿಳಾಸದಲ್ಲಿ ಬಾಗಿಲ ನಂಬರಿಲ್ಲ, ‘ರಾಮಮಂದಿರದ ಹಿಂದೆ, ನೀರಿನ ಟ್ಯಾಂಕ್ ಹತ್ತಿರ’ ಎಂದಿದೆ. ಸಾಫ್ಟ್‌ವೇರ್ ಮುಗ್ಗರಿಸುವುದು ಇಂಥ ಕಡೆಯೇ. ಅಂಕಿಗಳಿಗೂ ಅದರದರ ಕಟ್ಟುಪಾಡಿದೆ. ಪ್ಯಾನ್ ಎಂದರೆ ಐದು ಅಕ್ಷರ, ನಾಲ್ಕು ಅಂಕಿ, ಕೊನೆಗೊಂದು ಅಕ್ಷರ. ವ್ಯಕ್ತಿಯದಾದರೆ ನಾಲ್ಕನೆಯ ಅಕ್ಷರ ‘ಪಿ’, ಐದನೆಯದು ಉಪನಾಮದ ಮೊದಲಕ್ಷರ. ಆಧಾರ್‌ನ ಹನ್ನೆರಡನೆಯ ಅಂಕಿ ಹಿಂದಿನ ಹನ್ನೊಂದರಿಂದ ಲೆಕ್ಕ ಕಟ್ಟಿ ಬರುವ ತಾಳೆ ಅಂಕಿ. ಬಾಯಿಗೆ ಬಂದ ಸಂಖ್ಯೆ ತುಂಬಿದರೆ ಪ್ರೋಗ್ರಾಂ ಮೊದಲ ಹೆಜ್ಜೆಯಲ್ಲೇ ತಿರಸ್ಕರಿಸುತ್ತದೆ.

ಹಾಗಾಗಿ ಒಳ್ಳೆಯ ಮಾಸ್ಕಿಂಗ್, ಅಂದರೆ ಡೇಟಾಗೆ ಮುಖವಾಡ ಹಾಕುವುದು, ಹೆಸರಿನ ಮೇಲೆ ಮಸಿ ಬಳಿಯುವ ಕೆಲಸವಲ್ಲ. ಸುಳ್ಳಾದರೂ ಸಂಖ್ಯೆಯ ಆಕಾರ ಸರಿಯಿರಬೇಕು, ತಾಳೆ ಅಂಕಿ ಹೊಂದಬೇಕು, ಇನಿಷಿಯಲ್ ಇದ್ದ ಹೆಸರಿನ ಜಾಗಕ್ಕೆ ಇನಿಷಿಯಲ್ ಇರುವ ಬೇರೆ ಹೆಸರೇ ಬರಬೇಕು. ಸಾಲದ ಪಟ್ಟಿಯಲ್ಲಿ ಒಬ್ಬನಿಗೆ ಕೊಟ್ಟ ಸುಳ್ಳು ಗುರುತೇ ಠೇವಣಿ ಪಟ್ಟಿಯಲ್ಲೂ ಇರಬೇಕು, ಇಲ್ಲದಿದ್ದರೆ ಎರಡನ್ನೂ ಜೋಡಿಸುವ ಪ್ರೋಗ್ರಾಂ ಪರೀಕ್ಷಿಸಲಾಗದು. ಈ ಪರಿವರ್ತನೆ ಕಂಪನಿಯ ಒಳಗೇ ಮುಗಿದು, ಆಮೇಲೆ ಕಾಪಿ ಹೊರಗೆ ಹೋಗಬೇಕು. ಕಾಪಿ ಮೊದಲು ಹೋಗಿ, ವೆಂಡರ್ ಅದನ್ನು ಮಾಸ್ಕ್ ಮಾಡಿಕೊಳ್ಳುವ ಏರ್ಪಾಡೂ ಇದೆ. ಅದನ್ನು ಏನೆಂದು ಕರೆಯಬೇಕೋ ಓದುಗರಿಗೆ ಬಿಟ್ಟೆ.

ಹೆಸರು ತೆಗೆದ ಮಾತ್ರಕ್ಕೆ ಕೆಲಸ ಮುಗಿಯುವುದೂ ಇಲ್ಲ. ಅಂಚೆ ಪಿನ್‌ಕೋಡ್, ಲಿಂಗ, ಹುಟ್ಟಿದ ದಿನಾಂಕ ಈ ಮೂರೇ ಇದ್ದರೆ ಅಮೆರಿಕದ ಜನಸಂಖ್ಯೆಯ ಶೇ 87ರಷ್ಟು ಮಂದಿಯನ್ನು ಒಬ್ಬೊಬ್ಬರಾಗಿ ಗುರುತಿಸಬಹುದು ಎಂದು ಸಂಶೋಧಕಿ ಲತಾನ್ಯಾ ಸ್ವೀನಿ 2000ದಲ್ಲೇ ತೋರಿಸಿದ್ದರು. ನಮ್ಮ ಒಂದು ಹಳ್ಳಿಯಲ್ಲಾದರೆ ಹುಟ್ಟಿದ ವರ್ಷ ಮತ್ತು ಕಾಯಿಲೆ ಗೊತ್ತಾದರೆ ಸಾಕು, ಅದು ಯಾರ ಮನೆಯದೆಂದು ಬಸ್ ಸ್ಟ್ಯಾಂಡಿನಲ್ಲಿ ಕೂತವರೇ ಹೇಳುತ್ತಾರೆ.

ಇನ್ನು, ಡೆವಲಪರ್‌ಗೆ ಡೇಟಾ ಕೊಡದೆಯೂ ಅವನ ಮೂಲಕ ಡೇಟಾ ಹೋಗುವುದುಂಟು. ಟೊಯೋಟಾದ ಟಿ-ಕನೆಕ್ಟ್ ಸೇವೆಯ ಜಾಲತಾಣವನ್ನು ರೂಪಿಸುತ್ತಿದ್ದ ಉಪಗುತ್ತಿಗೆದಾರರು 2017ರ ಡಿಸೆಂಬರ್‌ನಲ್ಲಿ ಸೋರ್ಸ್ ಕೋಡಿನ ಒಂದು ಭಾಗವನ್ನು ಕೋಡ್ ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್‌ಗೆ ಏರಿಸಿದರು. ಅದು ಎಲ್ಲರಿಗೂ ಕಾಣುವಂತೆ ಇತ್ತು. ಕೋಡಿನ ಒಳಗೆ ಡೇಟಾ ಸರ್ವರ್‌ನ ಕೀಲಿ ಬರೆದಿತ್ತು. ಗೊತ್ತಾದದ್ದು 2022ರ ಸೆಪ್ಟೆಂಬರ್‌ನಲ್ಲಿ. ಅಷ್ಟರಲ್ಲಿ 2,96,019 ಗ್ರಾಹಕರ ಇಮೇಲ್ ವಿಳಾಸಗಳು ಸುಮಾರು ಐದು ವರ್ಷ ಬಾಗಿಲು ತೆರೆದೇ ಕೂತಿದ್ದವು. ಇಲ್ಲಿ ಕಳ್ಳತನದ ಉದ್ದೇಶ ಯಾರಿಗೂ ಇರಲಿಲ್ಲ. ಕೀಲಿಯನ್ನು ಕೋಡಿನಲ್ಲಿ ಬರೆಯುವ ಚಾಳಿ ಇತ್ತು, ಅಷ್ಟೇ. ಕೋಡು ಓಡುವ ಹೊತ್ತಿಗೆ ಮಾತ್ರ ಬೇರೊಂದು ತಿಜೋರಿಯಿಂದ ಕೀಲಿ ತೆಗೆದುಕೊಳ್ಳುವ ವ್ಯವಸ್ಥೆ ಇದ್ದಿದ್ದರೆ, ಆ ಕೋಡನ್ನು ಊರಿಗೆಲ್ಲ ಹಂಚಿದರೂ ಗ್ರಾಹಕರಿಗೆ ತೊಂದರೆಯಾಗುತ್ತಿರಲಿಲ್ಲ.

ಅಡ್ಮಿನ್‌ಗಳ ವಿಷಯಕ್ಕೆ ಬಂದರೆ ನಿಜವಾದ ಕಷ್ಟ ಶುರು. ಡೆವಲಪರ್‌ನನ್ನು ಡೇಟಾದಿಂದ ದೂರ ಇಡಬಹುದು. ಡೇಟಾಬೇಸ್ ನೋಡಿಕೊಳ್ಳುವವನನ್ನೇ ಡೇಟಾಬೇಸ್‌ನಿಂದ ದೂರ ಇಡುವುದು ಹೇಗೆ? ‘ನಮ್ಮದೆಲ್ಲ ಎನ್‌ಕ್ರಿಪ್ಟ್ ಆಗಿದೆ’ ಎಂದು ಮ್ಯಾನೇಜರ್‌ಗಳು ಧೈರ್ಯವಾಗಿ ಹೇಳುತ್ತಾರೆ. ಬಹುಪಾಲು ಅದು ಡಿಸ್ಕಿನ ಮಟ್ಟದ ಎನ್‌ಕ್ರಿಪ್ಷನ್. ಯಾರಾದರೂ ಸರ್ವರ್‌ನ ಡಿಸ್ಕ್ ಕಿತ್ತುಕೊಂಡು ಹೋದರೆ ಅವರಿಗೆ ಏನೂ ಸಿಗದು, ನಿಜ. ಆದರೆ ಡಿಬಿಎ, ಅಂದರೆ ಡೇಟಾಬೇಸ್ ಅಡ್ಮಿನ್, ಡಿಸ್ಕ್ ಕೀಳುವುದಿಲ್ಲ, ಲಾಗಿನ್ ಆಗುತ್ತಾನೆ. ಅವನು ಒಂದು ಸಾಲಿನ ಕ್ವೆರಿ ಬರೆದರೆ ಡೇಟಾಬೇಸೇ ವಿನಯದಿಂದ ಗೂಢಲಿಪಿ ಬಿಡಿಸಿ ಹೆಸರು, ಸಂಬಳ, ರಕ್ತದ ವರದಿ ಎಲ್ಲವನ್ನೂ ತೋರಿಸುತ್ತದೆ.

ಅವನ ಕೆಲಸದ ಪಟ್ಟಿ ತೆಗೆದು ನೋಡಿದರೆ ದಾರಿ ಕಾಣುತ್ತದೆ. ಬ್ಯಾಕಪ್ ತೆಗೆಯುವುದು, ಪ್ಯಾಚ್ ಹಾಕುವುದು, ನಿಧಾನವಾದ ಕ್ವೆರಿಗೆ ಇಂಡೆಕ್ಸ್ ಕೊಡುವುದು, ಜಾಗ ತುಂಬಿದರೆ ಹೆಚ್ಚಿಸುವುದು. ಇದರಲ್ಲಿ ಯಾವುದಕ್ಕೂ ಗ್ರಾಹಕರ ಆಧಾರ್ ಸಂಖ್ಯೆ ಓದಬೇಕಿಲ್ಲ. ಹಾಗಾಗಿ ಸೂಕ್ಷ್ಮ ಕಾಲಂಗಳನ್ನು ಡೇಟಾಬೇಸ್‌ಗೆ ಹೋಗುವ ಮೊದಲೇ, ಅಪ್ಲಿಕೇಷನ್ನಿನ ಮಟ್ಟದಲ್ಲೇ ಗೂಢಲಿಪಿ ಮಾಡಿ, ಕೀಲಿಯನ್ನು ಡಿಬಿಎ ಕೈಗೆಟುಕದ ಕಡೆ ಇಡುವ ಪದ್ಧತಿ ಇದೆ. ಮೈಕ್ರೋಸಾಫ್ಟ್ ತನ್ನ ಎಸ್‌ಕ್ಯುಎಲ್ ಸರ್ವರ್‌ನ 2016ರ ಆವೃತ್ತಿಯಲ್ಲಿ ಇದನ್ನು ಒಳಗೇ ಸೇರಿಸಿತು. ಒರಾಕಲ್‌ನಲ್ಲಿ ಅಡ್ಮಿನ್‌ಗೂ ಬೇಲಿ ಹಾಕುವ ‘ಡೇಟಾಬೇಸ್ ವಾಲ್ಟ್’ ಅದಕ್ಕೂ ಹಳೆಯದು. ಬಿಟ್ಟಿಯಾಗಿ ಏನೂ ಸಿಗುವುದಿಲ್ಲ: ಗೂಢಲಿಪಿಯಾದ ಕಾಲಂನಲ್ಲಿ ‘ಮಂಜು’ ಎಂದು ಶುರುವಾಗುವ ಹೆಸರು ಹುಡುಕುವುದು ಕಷ್ಟ, ವರದಿಗಳು ನಿಧಾನ, ಕೀಲಿ ಕಳೆದುಹೋದರೆ ಡೇಟಾವೂ ಹೋದಂತೆಯೇ. ಎಲ್ಲ ಕಾಲಂಗೂ ಇದನ್ನು ಮಾಡಹೊರಟವರು ಆರು ತಿಂಗಳಲ್ಲಿ ಕೈಚೆಲ್ಲುತ್ತಾರೆ. ಯಾವ ನಾಲ್ಕೈದು ಕಾಲಂ ಹೊರಬಿದ್ದರೆ ಕಂಪನಿ ತಲೆ ಎತ್ತುವಂತಿಲ್ಲವೋ ಅವನ್ನು ಆರಿಸಿಕೊಳ್ಳುವುದೇ ಜಾಣತನ.

ಆಮೇಲೆ ಕೀಲಿ ಯಾರ ಬಳಿ ಎಂಬ ಪ್ರಶ್ನೆ. ನಮ್ಮ ಕರಾವಳಿಯಲ್ಲಿ ಹುಟ್ಟಿದ ಬ್ಯಾಂಕುಗಳಲ್ಲಿ ಕೆಲಸ ಮಾಡಿದವರು ಪ್ರತಿ ಊರಲ್ಲೂ ಸಿಗುತ್ತಾರೆ. ಅವರನ್ನು ಕೇಳಿದರೆ ಸಾಕು. ಶಾಖೆಯ ನಗದು ತಿಜೋರಿಗೆ ಎರಡು ಕೀಲಿ, ಒಂದು ಮ್ಯಾನೇಜರ್ ಹತ್ತಿರ, ಇನ್ನೊಂದು ಕ್ಯಾಶಿಯರ್ ಹತ್ತಿರ. ಜಾಯಿಂಟ್ ಕಸ್ಟಡಿ. ಮ್ಯಾನೇಜರ್ ಮೇಲೆ ಅನುಮಾನವಿದೆ ಎಂದು ಯಾರೂ ಅದನ್ನು ಅರ್ಥ ಮಾಡಿಕೊಳ್ಳುವುದಿಲ್ಲ. ಕಂಪ್ಯೂಟರ್ ಲೋಕಕ್ಕೆ ಈ ಬುದ್ಧಿ ತಡವಾಗಿ ಬಂತು. 2013ರಲ್ಲಿ ಎಡ್ವರ್ಡ್ ಸ್ನೋಡೆನ್ ಹವಾಯಿಯಿಂದ ದಾಖಲೆಗಳ ಸಮೇತ ಹೊರಟಾಗ ಅವನು ಅಮೆರಿಕದ ಗುಪ್ತಚರ ಸಂಸ್ಥೆ ಎನ್‌ಎಸ್‌ಎಯ ನೌಕರನಲ್ಲ, ಬೂಜ್ ಅಲೆನ್ ಹ್ಯಾಮಿಲ್ಟನ್ ಎಂಬ ಗುತ್ತಿಗೆ ಕಂಪನಿಯವನು. ಸಿಸ್ಟಂ ಅಡ್ಮಿನ್ ಆಗಿ ದುಡಿದು ಬಂದವನು. ಆಮೇಲಷ್ಟೇ ಆ ಸಂಸ್ಥೆಯ ಮುಖ್ಯಸ್ಥರು ಅಡ್ಮಿನ್‌ಗಳಿಗೆ ಇಬ್ಬರಿರಬೇಕೆಂಬ ನಿಯಮ ತರುವುದಾಗಿ ಹೇಳಿದ್ದು. ಅವನು ಮಾಡಿದ್ದು ಸರಿಯೋ ತಪ್ಪೋ ಎಂಬ ಚರ್ಚೆ ಬೇರೆಯದೇ. ಜಗತ್ತಿನ ಗುಟ್ಟನ್ನೆಲ್ಲ ಕದ್ದು ಕೇಳುವವರ ಮನೆಯಲ್ಲೇ ಜಾಯಿಂಟ್ ಕಸ್ಟಡಿ ಇರಲಿಲ್ಲ ಎಂಬುದು ಮಾತ್ರ ನಗೆ ತರಿಸುತ್ತದೆ.

ಸ್ವೀಡನ್ನಿನಲ್ಲಿ ಇದೇ ವಿಷಯ ಸರ್ಕಾರವನ್ನೇ ಅಲುಗಾಡಿಸಿತು. ಅಲ್ಲಿನ ಸಾರಿಗೆ ಪ್ರಾಧಿಕಾರ 2015ರಲ್ಲಿ ತನ್ನ ಐಟಿ ಕೆಲಸವನ್ನು ಐಬಿಎಂಗೆ ವಹಿಸಿತು. ದೇಶದ ವಾಹನ, ಚಾಲನಾ ಪರವಾನಗಿಗಳ ದಾಖಲೆಯೆಲ್ಲ ಅದರೊಳಗಿತ್ತು. ಅವಸರದಲ್ಲಿ ಭದ್ರತಾ ನಿಯಮಗಳಿಗೆ ಮಹಾನಿರ್ದೇಶಕಿಯೇ ವಿನಾಯಿತಿ ಬರೆದು ಸಹಿ ಹಾಕಿದರು. ಪರಿಣಾಮ, ಸ್ವೀಡನ್ನಿನ ಭದ್ರತಾ ತಪಾಸಣೆಗೆ ಒಳಗಾಗದ ಜೆಕ್ ಗಣರಾಜ್ಯದ ತಂತ್ರಜ್ಞರ ಕೈಗೂ ಅಡ್ಮಿನ್ ಅಧಿಕಾರ ಹೋಯಿತು. ಡೇಟಾ ಸೋರಿದ್ದಕ್ಕೆ ಪುರಾವೆ ಸಿಗಲಿಲ್ಲ. ಆದರೂ ನಿರ್ದೇಶಕಿ 2017ರ ಜನವರಿಯಲ್ಲಿ ಹುದ್ದೆ ಕಳೆದುಕೊಂಡರು, 70,000 ಕ್ರೋನಾ ದಂಡ ತೆತ್ತರು. ಜುಲೈನಲ್ಲಿ ವಿಷಯ ಬಯಲಾದಾಗ ಇಬ್ಬರು ಮಂತ್ರಿಗಳು ಹುದ್ದೆ ಬಿಡಬೇಕಾಯಿತು. ಯಾರೂ ಏನನ್ನೂ ಕದಿಯದೆ ಸರ್ಕಾರ ಬಿಕ್ಕಟ್ಟಿಗೆ ಬಿದ್ದದ್ದು ನೋಡಿದರೆ, ಕದಿಯಬಹುದಿತ್ತು ಎಂಬುದೇ ಎಷ್ಟು ದೊಡ್ಡ ವಿಷಯ ಎಂಬುದು ತಿಳಿಯುತ್ತದೆ.

ದಿನನಿತ್ಯದ ರೂಢಿಯಲ್ಲಿ ಈಗ ದೊಡ್ಡ ಕಂಪನಿಗಳು ಅಡ್ಮಿನ್‌ಗೆ ಕಾಯಂ ಪಾಸ್‌ವರ್ಡ್ ಕೊಡುವುದಿಲ್ಲ. ಟಿಕೆಟ್ ನಂಬರ್ ಹಾಕಿ ಕೇಳಬೇಕು, ಒಬ್ಬರು ಒಪ್ಪಬೇಕು, ಎರಡು ಗಂಟೆ ಕಾಲ ಬಾಗಿಲು ತೆರೆದಿರುತ್ತದೆ, ಒಳಗೆ ಒತ್ತಿದ ಕೀಗಳೆಲ್ಲ ರೆಕಾರ್ಡ್ ಆಗುತ್ತವೆ, ಹೊತ್ತು ಮುಗಿದರೆ ಪಾಸ್‌ವರ್ಡ್ ತಾನಾಗಿ ಬದಲಾಗುತ್ತದೆ. ರಾತ್ರಿ ಎರಡು ಗಂಟೆಗೆ ಸರ್ವರ್ ಬಿದ್ದು, ಒಪ್ಪಿಗೆ ಕೊಡಬೇಕಾದವರು ನಿದ್ದೆಯಲ್ಲಿದ್ದರೆ ಎಂಬ ಭಯಕ್ಕೆ ತುರ್ತು ಖಾತೆಯೊಂದು ಮುಚ್ಚಿದ ಲಕೋಟೆಯಲ್ಲಿ ಇರುತ್ತದೆ. ಒಡೆದರೆ ಬೆಳಿಗ್ಗೆ ಲೆಕ್ಕ ಕೊಡಬೇಕು. ಒಂದೇ ಒಂದು ಷರತ್ತು ತಪ್ಪಬಾರದು: ಲಾಗ್ ಹೋಗಿ ಸೇರುವ ಜಾಗಕ್ಕೆ ಆ ಅಡ್ಮಿನ್‌ನ ಕೈ ಎಟುಕಬಾರದು. ಹಾಜರಿ ಪುಸ್ತಕ ಹಾಜರಾಗುವವನ ಬಳಿಯೇ ಇರುವ ಕಚೇರಿಗಳು ನಮಗೆ ಹೊಸತಲ್ಲವಲ್ಲ.

ಇಷ್ಟೆಲ್ಲ ಮಾಡಿದರೂ ಪರದೆ ಎನ್ನುವುದು ಇದ್ದೇ ಇದೆ, ಅದನ್ನು ಕಣ್ಣು ನೋಡುತ್ತದೆ. ವಿದೇಶಿ ಕ್ಲೈಂಟ್‌ಗಳಿಗೆಂದೇ ಮೀಸಲಾದ ಓಡಿಸಿ (ಆಫ್‌ಶೋರ್ ಡೆವಲಪ್‌ಮೆಂಟ್ ಸೆಂಟರ್) ಮಹಡಿಗಳನ್ನು ಕಂಡವರಿಗೆ ಗೊತ್ತು: ಬಾಗಿಲಾಚೆಯ ಲಾಕರಿನಲ್ಲಿ ಫೋನ್ ಇಟ್ಟು ಒಳಗೆ ಹೋಗಬೇಕು, ಪೆನ್ನು–ಕಾಗದವಿಲ್ಲ, ಯುಎಸ್‌ಬಿ ಕಿಂಡಿ ಸತ್ತಿರುತ್ತದೆ. ಕೊರೊನಾ ಬಂದು ಎಲ್ಲರೂ ಮನೆಗೆ ಹೋದಾಗ ಆ ಲಾಕರ್ ಮನೆಗೆ ಬರಲಿಲ್ಲ. ಕಚೇರಿಯ ಒಳಗೂ ಕಾವಲು ತಪ್ಪುವುದುಂಟು: 2025ರಲ್ಲಿ ಕ್ರಿಪ್ಟೋ ವಿನಿಮಯ ಕಂಪನಿ ಕಾಯಿನ್‌ಬೇಸ್‌ನ ಪ್ರಕರಣ ಬಯಲಾಯಿತು. ಅದರ ಗ್ರಾಹಕ ಸೇವೆ ನೋಡಿಕೊಳ್ಳುತ್ತಿದ್ದ ಟಾಸ್ಕ್‌ಅಸ್ ಎಂಬ ಕಂಪನಿಯ ಇಂದೋರ್ ಕಚೇರಿಯಲ್ಲಿ ಮಹಿಳಾ ಉದ್ಯೋಗಿಯೊಬ್ಬರು ಸ್ವಂತ ಫೋನಿನಿಂದ ಪರದೆಯ ಚಿತ್ರ ತೆಗೆಯುವಾಗ ಸಿಕ್ಕಿಬಿದ್ದರೆಂದು ರಾಯಿಟರ್ಸ್ ವರದಿ ಮಾಡಿತು. ಸಹಾಯವಾಣಿಯವರಿಗೆ ಲಂಚ ಕೊಟ್ಟು 69,461 ಗ್ರಾಹಕರ ವಿವರ ಪಡೆದ ಖದೀಮರು ಎರಡು ಕೋಟಿ ಡಾಲರ್ ಕೇಳಿದ್ದರು. ಕಾಯಿನ್‌ಬೇಸ್ ಕೊಡಲಿಲ್ಲ, ಅಷ್ಟೇ ಮೊತ್ತವನ್ನು ಅವರ ಸುಳಿವು ಕೊಟ್ಟವರಿಗೆ ಬಹುಮಾನವಾಗಿ ಘೋಷಿಸಿತು. ಇಂದೋರಿನಲ್ಲಿ ತಪ್ಪು ಮಾಡಿದ್ದಕ್ಕಾಗಿ ತೆಗೆದದ್ದು ಇಬ್ಬರನ್ನು ಎಂದು ಟಾಸ್ಕ್‌ಅಸ್ ಹೇಳಿತು. ಅಲ್ಲಿ ಕೆಲಸ ಕಳೆದುಕೊಂಡವರು ಇನ್ನೂರಕ್ಕೂ ಹೆಚ್ಚು.

ಆ ಇನ್ನೂರು ಜನರ ಕಡೆಯಿಂದ ಈ ವಿಷಯವನ್ನು ನೋಡುವವರು ಕಡಿಮೆ. ಎಲ್ಲರಿಗೂ ಎಲ್ಲವೂ ಕಾಣುವ ಕಡೆ ಏನಾದರೂ ಕಳೆದರೆ ಎಲ್ಲರೂ ಆರೋಪಿಗಳೇ. ಇಡೀ ತಂಡಕ್ಕೆ ಒಂದೇ ಅಡ್ಮಿನ್ ಪಾಸ್‌ವರ್ಡ್ ಇದ್ದಲ್ಲಿ, ಶುಕ್ರವಾರ ರಾತ್ರಿ ಟೇಬಲ್ ಅಳಿಸಿದವರು ಯಾರು ಎಂಬುದಕ್ಕೆ ಉತ್ತರವಿಲ್ಲ. ರಜೆ ಹಾಕಿ ಊರಿಗೆ ಹೋದವನೂ ವಿಚಾರಣೆಗೆ ಕೂರಬೇಕು. ಪ್ರತ್ಯೇಕ ಲಾಗಿನ್, ಕಡಿಮೆ ಅಧಿಕಾರ, ಮುಖವಾಡ ಹಾಕಿದ ಡೇಟಾ ಬೇಕೆಂದು ಗುತ್ತಿಗೆ ಎಂಜಿನಿಯರೇ ಹಟ ಹಿಡಿಯಬೇಕು. ‘ನನಗೆ ಪ್ರೊಡಕ್ಷನ್ ಪಾಸ್‌ವರ್ಡ್ ಬೇಡ ಸರ್’ ಎನ್ನುವವನು ಕೆಲಸಗಳ್ಳನಲ್ಲ.

ಲಾಗಿನ್ ಇರುವವನಿಗೇ ಕೆಟ್ಟ ಉದ್ದೇಶ ಇರಬೇಕೆಂದೂ ಇಲ್ಲ. ತನ್ನ ಮೇಲೆ 2023ರ ಆಗಸ್ಟ್‌ನಲ್ಲಿ ನಡೆದ ಸೈಬರ್ ದಾಳಿಗೆ ಸಂಬಂಧಿಸಿ ಅಮೆರಿಕದ ಕ್ಲೋರಾಕ್ಸ್ ಕಂಪನಿ ತನ್ನ ಹೆಲ್ಪ್‌ಡೆಸ್ಕ್ ನಡೆಸುತ್ತಿದ್ದ ಕಾಗ್ನಿಜೆಂಟ್ ಮೇಲೆ 2025ರ ಜುಲೈನಲ್ಲಿ 38 ಕೋಟಿ ಡಾಲರ್‌ಗಳ ದಾವೆ ಹೂಡಿತು. ನೌಕರನ ಸೋಗಿನಲ್ಲಿ ಫೋನ್ ಮಾಡಿದವನಿಗೆ, ಅವನು ಯಾರೆಂದು ವಿಚಾರಿಸದೆ ಪಾಸ್‌ವರ್ಡ್ ಬದಲಿಸಿಕೊಟ್ಟರು ಎಂಬುದು ಆರೋಪ. ತಮ್ಮದು ಸೀಮಿತ ಸೇವೆ, ಭದ್ರತೆ ತಮ್ಮ ಹೊಣೆಯಲ್ಲ ಎಂಬುದು ಕಾಗ್ನಿಜೆಂಟ್‌ನ ಉತ್ತರ. ಅದೇ ಜುಲೈನಲ್ಲಿ ನಮ್ಮ ದೇಶದ ಕ್ರಿಪ್ಟೋ ವಿನಿಮಯ ಕಂಪನಿ ಕಾಯಿನ್‌ಡಿಸಿಎಕ್ಸ್‌ನಿಂದ ಸುಮಾರು 379 ಕೋಟಿ ರೂಪಾಯಿ ಮೌಲ್ಯದ ಕ್ರಿಪ್ಟೋ ಕಳುವಾದಾಗ ಬೆಂಗಳೂರು ಪೊಲೀಸರು ಕಂಪನಿಯ ಎಂಜಿನಿಯರ್ ಒಬ್ಬನನ್ನು ಬಂಧಿಸಿದರು. ಕಚೇರಿ ಲ್ಯಾಪ್‌ಟಾಪಿನಲ್ಲೇ ಅವನು ಹೊರಗಿನವರ ಪಾರ್ಟ್‌ಟೈಂ ಕೆಲಸ ಮಾಡುತ್ತಿದ್ದ, ಆ ದಾರಿಯಲ್ಲಿ ಕಳ್ಳರು ಒಳಬಂದರು ಎನ್ನುವುದು ಪೊಲೀಸರ ಹೇಳಿಕೆ. ಇನ್ನು ಕೆಲಸಕ್ಕೆ ಸೇರಿದವನೇ ಬೇರೆಯವನಾಗಿದ್ದರೆ? ಸೈಬರ್ ಭದ್ರತೆಯ ತರಬೇತಿ ಕೊಡುವ ಅಮೆರಿಕದ ನೋಬಿಫೋರ್ ಕಂಪನಿಯೇ 2024ರಲ್ಲಿ ನಾಲ್ಕು ವಿಡಿಯೊ ಸಂದರ್ಶನ ಮಾಡಿ ಒಬ್ಬ ಡೆವಲಪರ್‌ನನ್ನು ತೆಗೆದುಕೊಂಡಿತು. ಕಳಿಸಿದ ಲ್ಯಾಪ್‌ಟಾಪ್ ತಲುಪಿದ ಕೂಡಲೇ ಅದರಲ್ಲಿ ಮಾಲ್‌ವೇರ್ ಏರತೊಡಗಿತು. ಅವನು ಉತ್ತರ ಕೊರಿಯಾದವನು. ಹೊಸಬರಿಗೆ ಅಧಿಕಾರ ಕಡಿಮೆ ಕೊಟ್ಟಿದ್ದರಿಂದ ಡೇಟಾ ಹೋಗಲಿಲ್ಲ.

ಕಾನೂನು ಈಗ ಹೊಣೆಯನ್ನು ಡೇಟಾ ಸಂಗ್ರಹಿಸಿದವರ ತಲೆಗೇ ಕಟ್ಟುತ್ತಿದೆ. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ, ಕೆಲಸವನ್ನು ಯಾರಿಗೆ ವಹಿಸಿದ್ದರೂ, ಕರಾರಿನಲ್ಲಿ ಏನು ಬರೆದಿದ್ದರೂ, ರಕ್ಷಿಸಬೇಕಾದವರು ಮಾಹಿತಿ ಸಂಗ್ರಹಿಸಿದ ಸಂಸ್ಥೆಯೇ. ತಪ್ಪಿದರೆ ದಂಡ 250 ಕೋಟಿ ರೂಪಾಯಿವರೆಗೆ. ವಿದೇಶಿ ಗ್ರಾಹಕರ ಡೇಟಾವನ್ನು ಕರಾರಿನ ಮೇಲೆ ಇಲ್ಲಿ ಸಂಸ್ಕರಿಸುವ ಕಂಪನಿಗಳಿಗೆ ಕಾಯ್ದೆಯ ಬಹುಪಾಲು ಕಲಂಗಳಿಂದ ವಿನಾಯಿತಿ ಇದೆ, ಆದರೆ ಭದ್ರತೆಯ ಕಲಮಿನಿಂದ ಇಲ್ಲ. 2025ರ ನವೆಂಬರ್‌ನಲ್ಲಿ ಬಂದ ನಿಯಮಗಳು ಎನ್‌ಕ್ರಿಪ್ಷನ್, ಮಾಸ್ಕಿಂಗ್, ಆ್ಯಕ್ಸೆಸ್ ನಿಯಂತ್ರಣ, ಒಂದು ವರ್ಷ ಲಾಗ್ ಉಳಿಸುವುದು ಎಲ್ಲವನ್ನೂ ಹೆಸರು ಹಿಡಿದೇ ಹೇಳುತ್ತವೆ. ಬ್ಯಾಂಕುಗಳಿಗಂತೂ ಐಟಿ ಹೊರಗುತ್ತಿಗೆಗೆಂದೇ ರಿಸರ್ವ್ ಬ್ಯಾಂಕಿನ ಪ್ರತ್ಯೇಕ ನಿರ್ದೇಶನ 2023ರ ಅಕ್ಟೋಬರ್‌ನಲ್ಲೇ ಜಾರಿಗೆ ಬಂತು.

ನನಗೆ ಚಿಂತೆ ಇರುವುದು ದೊಡ್ಡವರ ಬಗ್ಗೆಯಲ್ಲ. ತಾಲ್ಲೂಕು ಮಟ್ಟದ ಪತ್ತಿನ ಸಹಕಾರ ಸಂಘ, ಮೂವತ್ತು ಹಾಸಿಗೆಯ ನರ್ಸಿಂಗ್ ಹೋಂ, ಖಾಸಗಿ ಶಾಲೆ. ಇವುಗಳ ಸಾಫ್ಟ್‌ವೇರ್ ಮಾಡಿಕೊಟ್ಟವನು ಹುಬ್ಬಳ್ಳಿಯಲ್ಲೋ ರಾಜಾಜಿನಗರದಲ್ಲೋ ಇರುವ ಒಬ್ಬನೇ ಹುಡುಗ. ಏನಾದರೂ ನಿಂತರೆ, ದೂರದಿಂದಲೇ ಕಂಪ್ಯೂಟರ್ ನಡೆಸಲು ಬಿಡುವ ಎನಿಡೆಸ್ಕ್ ಹಾಕಿಕೊಂಡು ಒಳಗೆ ಬಂದು ಸರಿಮಾಡುತ್ತಾನೆ. ಎನಿಡೆಸ್ಕ್ ಹಗಲು ರಾತ್ರಿ ತೆರೆದೇ ಇರುತ್ತದೆ. ಕ್ಲೌಡ್ ಖಾತೆ ಅವನ ಹೆಸರಿನಲ್ಲಿ, ಡೊಮೇನ್ ಅವನ ಇಮೇಲ್‌ನಲ್ಲಿ, ಬ್ಯಾಕಪ್ ಅವನ ಪೆನ್‌ಡ್ರೈವ್‌ನಲ್ಲಿ. ಹುಡುಗ ಒಳ್ಳೆಯವನೇ. ಅವನಿಗೆ ಅಪಘಾತವಾದರೆ, ಕೆನಡಾಕ್ಕೆ ಹೋದರೆ, ಬಿಲ್ಲಿನ ವಿಷಯಕ್ಕೆ ಮನಸ್ತಾಪವಾದರೆ ಸಂಘದ ಗತಿ ಏನು? 2008ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊ ನಗರಾಡಳಿತದ ನೆಟ್‌ವರ್ಕ್ ಪಾಸ್‌ವರ್ಡ್‌ಗಳು ಟೆರಿ ಚೈಲ್ಡ್ಸ್ ಎಂಬ ಒಬ್ಬನೇ ಎಂಜಿನಿಯರ್‌ನ ತಲೆಯಲ್ಲಿದ್ದವು. ಮೇಲಧಿಕಾರಿಗಳಿಗೆ ಕೊಡಲು ಅವನು ಒಪ್ಪಲಿಲ್ಲ; ಕೊನೆಗೆ ಮೇಯರ್ ಗೇವಿನ್ ನ್ಯೂಸಮ್ ತಾವೇ ಅವನಿದ್ದ ಜೈಲಿಗೆ ಹೋಗಿ ಕೇಳಿ ಪಡೆಯಬೇಕಾಯಿತು. ನಮ್ಮ ಸಹಕಾರ ಸಂಘದ ಕಾರ್ಯದರ್ಶಿಗೆ ಅಷ್ಟು ಹೋಗುವ ಮೊದಲೇ ಕೆಲವು ಕೆಲಸ ಸಾಧ್ಯ. ಕ್ಲೌಡ್ ಮತ್ತು ಡೊಮೇನ್ ಖಾತೆ ಸಂಘದ ಹೆಸರಿಗೆ ವರ್ಗವಾಗಲಿ. ಹುಡುಗನಿಗೆ ಅವನದೇ ಲಾಗಿನ್ ಇರಲಿ, ಎನಿಡೆಸ್ಕ್ ಕೇಳಿದಾಗ ಮಾತ್ರ ತೆರೆಯಲಿ. ವಾರದ ಬ್ಯಾಕಪ್ಪಿನ ಒಂದು ಪ್ರತಿ ಸಂಘದ ಬೀರುವಿನಲ್ಲಿರಲಿ. ಕರಾರು ಮುಗಿದ ದಿನ ಲಾಗಿನ್ ತೆಗೆಯುವವರು ಯಾರು ಎಂದು ಹೆಸರು ಬರೆದಿಡಲಿ. ಅದು ಖರೀದಿ ನೋಡಿಕೊಳ್ಳುವವರ ಹೆಸರಾಗದಿರಲಿ. ದತ್ತಾಂಶ ಸಂರಕ್ಷಣೆಯ ಹೊಸ ನಿಯಮಗಳ ಮುಖ್ಯ ಭಾಗಕ್ಕೆ ಹದಿನೆಂಟು ತಿಂಗಳ ಕಾಲಾವಕಾಶವಿದೆ. ಅದು 2027ರ ಮೇ ತಿಂಗಳಿಗೆ ಮುಗಿಯುತ್ತದೆ.